ಎಗ್ಮೋರಿನ ದುಂಡು ಚರ್ಚು, ಬದಿಯಡ್ಕದ ಶೆಡ್ಡಿನಲ್ಲಿ

ಚೆನ್ನೈಯ ಒಂದು ಚರ್ಚಿನ ಮಾಡೆಲ್ ಮಾಡುತ್ತಿದ್ದೇನೆ. ಕೆಲಸ ಮುಗಿಯಿತು ಅಂತ ಹೇಳುವ ಹಾಗಿಲ್ಲ. ತೊಂಬತ್ತು ಭಾಗ ಆಗಿದೆ. ಉಳಿದ ಹತ್ತು ಭಾಗಕ್ಕೆ ಕೂರುವ ಮೊದಲು ಬರೆದಿಡುತ್ತಿದ್ದೇನೆ. ಇಲ್ಲದಿದ್ದರೆ ಯಾವ ತಪ್ಪು ಯಾವಾಗ ಮಾಡಿದೆ ಅನ್ನುವುದೇ ಮರೆತು ಹೋಗುತ್ತದೆ.

ನನ್ನದು ಕಾಸರಗೋಡಿನ ಬದಿಯಡ್ಕದ ಹತ್ತಿರ ಸಣ್ಣ ಮರದ ಕೆಲಸದ ಶೆಡ್. ದಾರಂದ, ಕಿಟಕಿ, ಮಂಚ, ಕಪಾಟು. ಮಾಡೆಲ್ ಮಾಡುವುದು ನನ್ನ ಕಸುಬಲ್ಲ. ಮಾರ್ಚಿನಲ್ಲಿ ಅಮ್ಮನ ಕಣ್ಣು ತೋರಿಸಲು ಚೆನ್ನೈಗೆ ಹೋಗಿದ್ದೆವು. ತಂಗಿಯ ಮಗಳು ಅಲ್ಲೇ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ವಾಪಸ್ ಟ್ರೈನಿಗೆ ನಾಲ್ಕು ಗಂಟೆ ಬಾಕಿ ಇತ್ತು. "ಮಾವ, ಎಗ್ಮೋರ್ ಸ್ಟೇಷನ್ನಿಂದ ನಡೆದು ಹೋಗುವಷ್ಟೇ ದೂರ, ಒಂದು ಚರ್ಚು ತೋರಿಸ್ತೇನೆ ಬನ್ನಿ" ಅಂತ ಕರೆದುಕೊಂಡು ಹೋದಳು.

ಸೇಂಟ್ ಆಂಡ್ರ್ಯೂಸ್ ಚರ್ಚು. ಅಲ್ಲಿಯವರು ಕರ್ಕ್ ಅನ್ನುತ್ತಾರೆ. ಸ್ಕಾಟ್ಲೆಂಡಿನ ಮಾತಿನಲ್ಲಿ ಕರ್ಕ್ ಅಂದರೆ ಚರ್ಚು ಅಷ್ಟೇ. ಮದ್ರಾಸಿನಲ್ಲಿದ್ದ ಸ್ಕಾಟ್ಲೆಂಡಿನವರಿಗೆ ಅಂತ ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ಕಟ್ಟಿದ್ದು. ಅವರು ಪ್ರೆಸ್ಬಿಟೇರಿಯನ್ನರು. ಬಿಷಪ್ ಇರುವುದಿಲ್ಲ, ಸಭೆಯ ಹಿರಿಯರೂ ಪಾದ್ರಿಯೂ ಕೂತು ನಡೆಸುವ ಪದ್ಧತಿ. ಈಗ ಅದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಚರ್ಚು.

ನಮ್ಮ ಕಡೆ ಬಾಸೆಲ್ ಮಿಶನ್‌ನವರ ಹಳೇ ಚರ್ಚು ಅಂದರೆ ಕಣ್ಣ ಮುಂದೆ ಬರುವುದು ಕೆಂಪುಕಲ್ಲಿನ ಗೋಡೆ, ಜಾರು ಮಾಡು, ಹಂಚು. ಹಂಚಿನ ಕಾರ್ಖಾನೆಯನ್ನೇ 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದವರು ಅವರು. ಇಲ್ಲಿ ನೋಡಿದರೆ ಹಂಚೂ ಇಲ್ಲ, ಪಕ್ಕಾಸೂ ಇಲ್ಲ. ಒಳಗೆ ದುಂಡು ಹಾಲ್, ಸುತ್ತ 16 ಕಂಬ, ಮೇಲೆ ಕಡು ನೀಲಿ ಗುಮ್ಮಟ, ಅದರ ತುಂಬ ಚಿನ್ನದ ಬಣ್ಣದ ನಕ್ಷತ್ರ.

ಅಮ್ಮನಿಗೆ ಡಾಕ್ಟರು ಕಣ್ಣಿಗೆ ಮದ್ದು ಬಿಟ್ಟಿದ್ದರು. ಎಲ್ಲ ಮಸುಕು. "ಮೇಲೆ ನಕ್ಷತ್ರ ಉಂಟಾ?" ಅಂತ ಕೇಳಿದರು. ಉಂಟು ಅಂದೆ. ಆಮೇಲೆ ಅವರು ಕಂಬಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟುತ್ತಾ ಒಂದು ಸುತ್ತು ಬಂದರು, ದೇವಸ್ಥಾನದಲ್ಲಿ ಬರುವ ಹಾಗೆ. "ಹದಿನಾರು" ಅಂದರು.

ಟ್ರೈನಿನಲ್ಲಿ ತಂಗಿಯ ಮಗಳ ಮೆಸೇಜ್: "ಮಾವ, ಕಾಲೇಜಿನಲ್ಲಿ ಇಡಲಿಕ್ಕೆ ಇದರ ಒಂದು ಮಾಡೆಲ್ ಮಾಡಿ ಕೊಡ್ತೀರಾ? ದಸರಾ ಕಳೆದು ಸಾಕು." ಶೊರ್ನೂರು ದಾಟುವಾಗ ಆಯಿತು ಅಂತ ಬರೆದೆ. ಅದು ಮೊದಲನೇ ತಪ್ಪು.

ಏಪ್ರಿಲ್ 12. ಅಳತೆ

ಸ್ಕೇಲ್ 1:100. ಲೆಕ್ಕ ಸುಲಭ, ಒಂದು ಮೀಟರಿಗೆ ಒಂದು ಸೆಂಟಿಮೀಟರ್. ದುಂಡು ಭಾಗದ ಅಡ್ಡಗಲ 24.5 ಮೀಟರ್, ಅಂದರೆ ನನಗೆ 24.5 ಸೆಂಟಿಮೀಟರ್. ಗೋಪುರದ ತುದಿ ನೆಲದಿಂದ ಸುಮಾರು 50 ಮೀಟರ್, ನನಗೆ 50 ಸೆಂಟಿಮೀಟರ್. ದುಂಡಿನ ಪೂರ್ವಕ್ಕೂ ಪಶ್ಚಿಮಕ್ಕೂ ಒಂದೊಂದು ಚೌಕ ಭಾಗ ಅಂಟಿಕೊಂಡಿದೆ.

ಉಳಿದ ಅಳತೆ ಎಲ್ಲ ಫೋಟೋದಿಂದ. ಒಂದು ಫೋಟೋದಲ್ಲಿ ತಂಗಿಯ ಮಗಳು ಕಂಬಕ್ಕೆ ಒರಗಿ ನಿಂತಿದ್ದಾಳೆ. ಅವಳು 160 ಸೆಂಟಿಮೀಟರ್. ಫೋಟೋವನ್ನು ಪ್ರಿಂಟ್ ಮಾಡಿಸಿ, ಅವಳು ಎಷ್ಟು ಮಿಲಿಮೀಟರ್ ಇದ್ದಾಳೆ, ಕಂಬ ಎಷ್ಟು ಇದೆ ಅಂತ ಅಳೆದು ಗುಣಿಸಿದೆ. ಕರಾರುವಾಕ್ಕಲ್ಲ. ಆದರೆ ಮನೆ ಕಟ್ಟುವ ಕೆಲಸ ಅಲ್ವಲ್ಲಾ.

ಅಡಿಹಲಗೆಗೆ ಶೆಡ್ಡಿನ ಹತ್ತಿರದ ಅಂಗಡಿಯಿಂದ 12 ಎಂಎಂ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ತಂದೆ, 75 × 45 ಸೆಂಟಿಮೀಟರ್, 380 ರೂಪಾಯಿ. ನುಣುಪು, ಗರಗಸಕ್ಕೆ ಬೆಣ್ಣೆಯ ಹಾಗೆ ಸಿಗುತ್ತದೆ. ಅಡಿಹಲಗೆ ಅಂದರೆ ಅಡಿಹಲಗೆ, ಅದರಲ್ಲೇನು ಅಂತ ಹೆಚ್ಚು ಯೋಚನೆ ಮಾಡಲಿಲ್ಲ. ಮೂವತ್ತು ವರ್ಷ ಮರ ಮುಟ್ಟಿದವನು ಮಳೆಗಾಲದ ಮುಂಚೆ ಎಂಡಿಎಫ್ ತರಬಾರದಿತ್ತು. ತಂದೆ.

ಮೇ 3ರಿಂದ 18. ದುಂಡು ಗೋಡೆ

4 ಎಂಎಂ ಪ್ಲೈವುಡ್ಡಿಗೆ ಹಿಂದಿನಿಂದ ಗೀರು ಹಾಕಿ ಬಗ್ಗಿಸುವುದು ಅಂತ ಪ್ಲಾನ್. 5 ಮಿಲಿಮೀಟರಿಗೆ ಒಂದು ಗೀರು. ಮೊದಲನೆಯದು ಅರ್ಧ ಸುತ್ತಿನಲ್ಲಿ ಚಟ್ಟನೆ ಮುರಿಯಿತು. ಎರಡನೆಯದನ್ನು ಬಿಸಿನೀರಿನಲ್ಲಿ ನೆನೆಸಿದೆ, ಪದರ ಬಿಟ್ಟಿತು. ಮೂರನೆಯದು ಬಗ್ಗಿತು. ಆದರೆ ಹೊರಗಿನಿಂದ ಮುಟ್ಟಿದರೆ ಚಕ್ಕುಲಿಯ ಹಾಗೆ ಏಣು ಏಣು. 260 ರೂಪಾಯಿ ಒಲೆಗೆ.

ನೀರಾವರಿ ಪೈಪಿನ ಅಂಗಡಿಯಲ್ಲಿ 250 ಎಂಎಂ ಪಿವಿಸಿ ಪೈಪಿನ ತುಂಡೊಂದು ಬಿದ್ದಿತ್ತು. ಗುರುತಿನವರು, ಸುಮ್ನೆ ಕೊಟ್ಟರು. ಆದರೆ ನನಗೆ ಬೇಕಾದದ್ದು 245. ಅರ್ಧ ಸೆಂಟಿಮೀಟರ್ ತಾನೆ ಅಂತ ಬಿಡಬಹುದಿತ್ತು. ಈ ಸ್ಕೇಲಿನಲ್ಲಿ ಅದು ಅರ್ಧ ಮೀಟರ್. ಮನಸ್ಸು ಒಪ್ಪಲಿಲ್ಲ.

ಅಡ್ಡಗಲ 5 ಮಿಲಿಮೀಟರ್ ಕಡಿಮೆ ಆಗಬೇಕಾದರೆ ಸುತ್ತಳತೆ 15.7 ಕಡಿಮೆ ಆಗಬೇಕು. ಪೈಪನ್ನು ಉದ್ದಕ್ಕೆ ಸೀಳಿ 16 ಮಿಲಿಮೀಟರ್ ಪಟ್ಟಿ ತೆಗೆದೆ. ಹಾಟ್ ಗನ್ನಿನಿಂದ ಬಿಸಿ ಮಾಡುತ್ತಾ ಹಳೇ ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದೆ. ಕೂತುಕೊಂಡಿತು. ಒಳಗಿನಿಂದ ಪಟ್ಟಿ ಕೊಟ್ಟು ಸ್ಕ್ರೂ. ಅಳೆದರೆ 245, ಒಂದು ಕಡೆ 246. ಆ ದಿನ ಕಾಫಿ ಕುಡಿದದ್ದು ಸ್ವಲ್ಪ ಜಾಸ್ತಿಯೇ ರುಚಿಯಾಗಿತ್ತು.

ಇನ್ನು ಬುದ್ಧಿವಂತಿಕೆಯ ಕತೆ. ಒಳಗಿನ ಗುಮ್ಮಟ ಕಾಣಬೇಕು ಅಂತ ಗೋಡೆಯ ಕಾಲು ಭಾಗ ತೆರೆದಿಡುವುದು ಅಂತ ಇತ್ತು. ಪೈಪಿನ ಜೋಡಣೆ ಆ ಭಾಗದಲ್ಲೇ ಬರುವ ಹಾಗೆ ಇಟ್ಟೆ, ಕತ್ತರಿಸುವಾಗ ಜೋಡಣೆಯೂ ಮಾಯ ಆಗಲಿ ಅಂತ. ಕತ್ತರಿಸಿದೆ. ಪೈಪ್ ಪಟ್ಟನೆ ತೆರೆದುಕೊಂಡಿತು, 11 ಮಿಲಿಮೀಟರ್. ಹಿಡಿದಿಟ್ಟದ್ದೇ ಆ ಜೋಡಣೆ ಅಲ್ವಾ! ಪ್ಲೈವುಡ್ಡಿನ ಎರಡು ಬಳೆ ಕೊಯ್ದು, ಮೇಲೊಂದು ಕೆಳಗೊಂದು ಒಳಗೆ ಕೂರಿಸಿ, 3 ಸೆಂಟಿಮೀಟರಿಗೊಂದು ಸ್ಕ್ರೂ ಹಾಕಿ ಮತ್ತೆ ಹಿಡಿತಕ್ಕೆ ತಂದೆ. ಬಳೆ ಮೊದಲು, ಕತ್ತರಿ ಆಮೇಲೆ. ಯಾರಾದರೂ ಮಾಡುವುದಿದ್ದರೆ ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಮೇ 25. ಕಂಬ

16 ಭಾಗ ಮಾಡಲು ಕೋನಮಾಪಕ ಬೇಕಾಗಿಲ್ಲ. ದುಂಡು ಕಾಗದವನ್ನು ನಾಲ್ಕು ಸಲ ಮಡಚಿದರೆ 16 ಗೆರೆ. ಕಂಬಗಳ ಸಾಲಿಗೆ ಫೋಟೋದ ಅಂದಾಜಿನಲ್ಲಿ 16 ಸೆಂಟಿಮೀಟರ್ ಅಡ್ಡಗಲದ ವೃತ್ತ ಇಟ್ಟೆ. ಕಂಬದಿಂದ ಕಂಬಕ್ಕೆ 3.1 ಸೆಂಟಿಮೀಟರ್ ಬಂತು.

ಕಂಬದ ಮೈ ಮೇಲೆ ಉದ್ದುದ್ದ ಗೆರೆ ಇದೆ. ದುಂಡು ಕೋಲಿನ ಸುತ್ತ ಹಿಡಿಸೂಡಿ ಕಡ್ಡಿಯನ್ನು ಅಂಟಿಸಿದರೆ ಅದೇ ನೋಟ ಅಂತ ಹೊಳೆಯಿತು. ಎರಡು ರಾತ್ರಿ ಕೂತು ಆರು ಕಂಬ ಮಾಡಿದೆ. ಚಂದ ಕಂಡಿತು. ಅಮ್ಮನಿಗೆ ಕೊಟ್ಟೆ. ಹೆಬ್ಬೆರಳು ಮೇಲೆ ಕೆಳಗೆ ಆಡಿಸಿದರು. "ಇದಲ್ಲ. ಅಲ್ಲಿ ಗೀರು ಒಳಗೆ ಹೋಗಿತ್ತು. ನಿನ್ನದು ಹೊರಗೆ ಬಂದಿದೆ."

ಫೋಟೋ ದೊಡ್ಡದು ಮಾಡಿ ನೋಡಿದೆ. ಅಮ್ಮ ಹೇಳಿದ್ದೇ ಸರಿ. ಆರೂ ಕಂಬ ಪಕ್ಕಕ್ಕೆ. 160 ರೂಪಾಯಿಯ ಕೋಲು ಇನ್ನೂ ಸಾಕಷ್ಟಿತ್ತು. ಕೋಲನ್ನು ವೈಸಿಗೆ ಕಚ್ಚಿಸಿ ದುಂಡು ಅರದಿಂದ ಗೀರು ಎಳೆದೆ. ನಿಜದ ಕಂಬದಲ್ಲಿ ಇರುವಷ್ಟು ಗೀರು ಈ ದಪ್ಪದಲ್ಲಿ ಹಿಡಿಸುವುದಿಲ್ಲ. ಹನ್ನೆರಡಕ್ಕೆ ನಿಲ್ಲಿಸಿದೆ. ಒಂದು ಕಂಬಕ್ಕೆ ನಲವತ್ತು ನಿಮಿಷ.

ತಲೆಯ ವಿಷಯದಲ್ಲಿ ಇನ್ನೊಂದು ತಪ್ಪು. ಒಳಗಿನ 16 ಕಂಬಗಳ ತಲೆ ಕೊರಿಂಥಿಯನ್, ಎಲೆಗಳ ಗೊಂಚಲಿನ ಹಾಗೆ. ಎಂ-ಸೀಲಿನಲ್ಲಿ ಅದನ್ನೇ ಮಾಡಿ, ಹೊರಗಿನ ಮುಖಮಂಟಪದ ಕಂಬಗಳಿಗೂ ಅದನ್ನೇ ಅಂಟಿಸಿದೆ. ವಾಟ್ಸಾಪಿನಲ್ಲಿ ಫೋಟೋ ಹೋದ ಎರಡೇ ನಿಮಿಷಕ್ಕೆ ಉತ್ತರ: "ಮಾವ, ಹೊರಗಿನದ್ದು ಅಯಾನಿಕ್." ಅಂದರೆ ಟಗರಿನ ಕೊಂಬಿನ ಹಾಗೆ ಎರಡು ಕಡೆ ಸುರುಳಿ. ಎಲೆಗಳನ್ನೆಲ್ಲ ಉಳಿಯಲ್ಲಿ ಕೆತ್ತಿ ತೆಗೆದು, ತಾಮ್ರದ ವಯರನ್ನು ಸುರುಳಿ ಸುತ್ತಿ ಅಂಟಿಸಿದೆ. ಮೊದಲೇ ಕೇಳಬಹುದಿತ್ತು.

ಜೂನ್ 9. ಗೋಪುರ ವಾಲಿತು

ಗೋಪುರ ಹಲಸಿನ ಮರದ್ದು. ಕೆಳಗೆ ಚೌಕ, ಮೇಲೆ ಹೋದ ಹಾಗೆ ಎಂಟು ಮೂಲೆ, ಕೊನೆಗೆ ಸೂಜಿ. ಲಂಡನ್ನಿನ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚಿನ ಮಾದರಿ. ಮುಂದೆ ಕಂಬದ ಮಂಟಪ, ಅದರ ಹಿಂದಿನಿಂದ ಮಾಡು ಸೀಳಿಕೊಂಡು ಬಂದ ಹಾಗೆ ಗೋಪುರ. ಅದನ್ನು 1720ರ ದಶಕದಲ್ಲಿ ಕಟ್ಟಿದ ಜೇಮ್ಸ್ ಗಿಬ್ಸ್ ಮೊದಲು ಕೊಟ್ಟದ್ದು ದುಂಡು ಚರ್ಚಿನ ನಕ್ಷೆಯಂತೆ. ಖರ್ಚು ಜಾಸ್ತಿ ಅಂತ ಅಲ್ಲಿಯವರು ಬೇಡ ಅಂದರು. ಅವನು ಆ ನಕ್ಷೆಯನ್ನು 1728ರಲ್ಲಿ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಲಂಡನ್ನಿನಲ್ಲಿ ಬೇಡವಾದ ದುಂಡು ತೊಂಬತ್ತು ವರ್ಷ ಕಳೆದು ಮದ್ರಾಸಿನಲ್ಲಿ ಎದ್ದಿತು. ಗಿರಾಕಿ ಬೇಡ ಅಂದ ಡಿಸೈನನ್ನು ನಾನೂ ಬಿಸಾಡುವುದಿಲ್ಲ, ಶೆಡ್ಡಿನ ಮೂಲೆಯಲ್ಲಿ ಇರುತ್ತದೆ.

ಗೋಪುರದ ತೂಕ ಒಂದು ಕಿಲೋ 200 ಗ್ರಾಂ. ಜೂನ್ ಮೊದಲ ವಾರ ಕೂರಿಸಿದೆ, ತೂಗುಗುಂಡು ಹಿಡಿದು ನೋಡಿದೆ, ನೆಟ್ಟಗೆ. ಆಮೇಲೆ ಮಳೆ ಹಿಡಿಯಿತು. ನಾಲ್ಕು ದಿನ ಬಿಡಲೇ ಇಲ್ಲ. ಐದನೇ ದಿನ ಶೆಡ್ಡಿಗೆ ಬಂದರೆ ಗೋಪುರ ಒಂದು ಕಡೆ ವಾಲಿದೆ. ತುದಿಯಲ್ಲಿ 9 ಮಿಲಿಮೀಟರ್. ನಿಜದ ಗೋಪುರಕ್ಕೆ ಲೆಕ್ಕ ಹಾಕಿದರೆ 90 ಸೆಂಟಿಮೀಟರ್. ಎಂಡಿಎಫ್ ಥಂಡಿ ಕುಡಿದು ಉಬ್ಬಿತ್ತು. ಒಂದು ಅಂಚಿನಲ್ಲಿ 12 ಇದ್ದದ್ದು 15 ಆಗಿತ್ತು, ನೆನೆದ ಬನ್ನಿನ ಹಾಗೆ.

ಸಿಟ್ಟು ಬಂದು ತಂಗಿಯ ಮಗಳಿಗೆ ಫೋನ್ ಮಾಡಿದೆ. ಅವಳು ನಕ್ಕಳು. "ಮಾವ, ಅಲ್ಲಿಯೂ ಅದೇ ತೊಂದರೆ ಇತ್ತು, ಗೊತ್ತುಂಟಾ?" ಅಂತ ಶುರು ಮಾಡಿದಳು.

ಚರ್ಚಿನ ಜಾಗದ ಮಣ್ಣು ಮೆತ್ತಗೆ, ಜೌಗು. ಅದರ ಮೇಲೆ ಅಷ್ಟು ಭಾರದ ಗೋಪುರ ನಿಲ್ಲುವುದಿಲ್ಲ. ಕಟ್ಟಿದವನು ಕಂಪೆನಿಯ ಎಂಜಿನಿಯರ್ ಥಾಮಸ್ ಫಿಯಟ್ ಡಿ ಹ್ಯಾವಿಲೆಂಡ್. ಅವನು ಊರಿನ ಹಳೇ ಪದ್ಧತಿಯನ್ನೇ ಹಿಡಿದ. ಬಾವಿ ಇಳಿಸುವುದು. ಸುಮಾರು 150 ಬಾವಿ. ಕೆಲವು 14 ಅಡಿ, ಕೆಲವು 50 ಅಡಿಯವರೆಗೂ, ಗಟ್ಟಿ ನೆಲ ಸಿಗುವ ತನಕ. ಬಾವಿಯನ್ನು ತುಂಬಿಸಿ ಅದರ ತಲೆಯ ಮೇಲೆ ಪಾಯ. ನಮ್ಮ ಊರಿನಲ್ಲಿ ಬಾವಿ ತೋಡುವುದು ನೀರಿಗೆ, ಬಾವಿಗೆ ಜಾಗ ಸರಿಯಿಲ್ಲದಿದ್ದರೆ ಗುಡ್ಡಕ್ಕೆ ಸುರಂಗ ಕೊರೆಯುತ್ತೇವೆ, ಅದೂ ನೀರಿಗೆ. ಗೋಡೆ ನಿಲ್ಲಿಸಲು ಬಾವಿ ತೋಡುವುದು ನಾನು ಕೇಳಿದ್ದು ಅದೇ ಮೊದಲು.

1818ರ ಏಪ್ರಿಲ್ 6ಕ್ಕೆ ಅಡಿಗಲ್ಲು. 1821ರ ಫೆಬ್ರವರಿ 25ಕ್ಕೆ ಚರ್ಚು ತೆರೆದರು. ಮೂರು ವರ್ಷ ತುಂಬಿರಲಿಲ್ಲ.

ಫೋನ್ ಇಟ್ಟ ಮೇಲೆ ಎಲ್ಲವನ್ನೂ ಬಿಚ್ಚಿದೆ. 19 ಎಂಎಂ ವಾಟರ್‌ಪ್ರೂಫ್ ಪ್ಲೈ ತಂದೆ, 690 ರೂಪಾಯಿ. ಗೋಪುರ ಬರುವ ಜಾಗದ ಕೆಳಗೆ 3 ಇಂಚು ದಪ್ಪದ ಹಲಸಿನ ದಿಮ್ಮಿ. ಪ್ಲೈಯನ್ನು ತೂತು ಮಾಡಿ ದಿಮ್ಮಿಗೆ ಇಳಿಯುವ ಹಾಗೆ ಉಳಿದ ಕೋಲಿನ ತುಂಡುಗಳನ್ನು ಬಡಿದೆ. ಅವರದ್ದು 150 ಬಾವಿ, ನನ್ನದು 24 ಗೂಟ. ನಾಲ್ಕು ಮೂಲೆಗೆ ಬೋಲ್ಟಿನ ಕಾಲು ಕೊಟ್ಟೆ, ಮುಂದೆ ವಾಲಿದರೂ ತಿರುಪಿ ಸರಿ ಮಾಡಬಹುದು. ಬೋಲ್ಟು, ಸ್ಕ್ರೂ ಎಲ್ಲ ಸೇರಿ 95. ಈಗ ತುದಿಯಲ್ಲಿ ವಾಲುವುದು ಒಂದು ಮಿಲಿಮೀಟರ್, ಜೋರು ಮಳೆಗೆ ಎರಡು. ಅಷ್ಟಕ್ಕೆ ಬಿಟ್ಟೆ.

ಜುಲೈ ಇಡೀ. ಗುಮ್ಮಟ

ಒಂದನೇ ಗುಮ್ಮಟ: ಬಾಣಲೆ ಮಗುಚಿ ಅದರ ಮೇಲೆ ಪೇಪರ್ ಮತ್ತು ಮೈದಾ ಅಂಟು. ಅಡ್ಡಗಲ 24.5 ಸೆಂಟಿಮೀಟರ್ ಮಾಡಿದೆ, ಇಡೀ ದುಂಡಿಗೆ. ಒಣಗಲು ಆರು ದಿನ ಹಿಡಿಯಿತು, ಅಷ್ಟರಲ್ಲಿ ಬೂಸ್ಟು ಬಂತು. ಅದಕ್ಕಿಂತ ದೊಡ್ಡ ವಿಷಯ, ಅಳತೆಯೇ ತಪ್ಪು. ಗುಮ್ಮಟ ಕೂರುವುದು ಕಂಬಗಳ ಮೇಲೆ. ಕಂಬ ಇರುವುದು ಗೋಡೆಯಿಂದ ಒಳಗೆ. ಅಂದ ಮೇಲೆ ಗುಮ್ಮಟ ನನ್ನ ಲೆಕ್ಕಕ್ಕೆ 16 ಸೆಂಟಿಮೀಟರೇ ಆಗಬೇಕು. ಕಂಬಗಳನ್ನು ನಾನೇ ಮಾಡಿಟ್ಟು ಇದು ಹೊಳೆಯದೆ ಹೋಯಿತಲ್ಲ!

ಎರಡನೇ ಗುಮ್ಮಟ: ಪ್ಲಾಸ್ಟರ್ ಆಫ್ ಪ್ಯಾರಿಸ್, 60 ರೂಪಾಯಿ. ಆಕಾರ ಚಂದ ಬಂತು. ತೂಕ 900 ಗ್ರಾಂ. ಕಂಬಗಳ ಮೇಲೆ ಇಟ್ಟು ಊಟಕ್ಕೆ ಹೋದೆ. ಬಂದು ನೋಡುವಾಗ ಕಂಬಗಳೆಲ್ಲ ಹೊರಕ್ಕೆ ಸರಿದು ನಿಂತಿವೆ, ಗುಮ್ಮಟ ಮಧ್ಯದಲ್ಲಿ ಬಿರುಕು ಬಿಟ್ಟು ಕೆಳಗೆ ಕೂತಿದೆ. ಮೇ ತಿಂಗಳಲ್ಲಿ ಪೈಪ್ ಮಾಡಿದ್ದೂ ಇದನ್ನೇ. ಚಪ್ಪಟೆ ಗುಮ್ಮಟ ಕೆಳಗೆ ಒತ್ತುವುದಕ್ಕಿಂತ ಪಕ್ಕಕ್ಕೆ ದೂಡುವುದೇ ಜಾಸ್ತಿ. ಫೋಟೋ ನೋಡಿದರೆ ಕಂಬಗಳ ತಲೆಯ ಮೇಲೆ ಸುತ್ತಲೂ ಅಗಲದ ಪಟ್ಟಿ ಇದೆ. ಚಂದಕ್ಕೆ ಇರಬೇಕು ಅಂತ ನಾನು ಅದನ್ನು ಕೊನೆಗೆ ಮಾಡುವ ಪಟ್ಟಿಯಲ್ಲಿ ಇಟ್ಟಿದ್ದೆ. ಅದನ್ನೇ ಮೊದಲು ಮಾಡಿದೆ, ಪ್ಲೈವುಡ್ಡಿನ ಮೂರನೇ ಬಳೆ. ಪ್ರತಿ ಕಂಬದ ತಲೆಗೂ ಒಂದೊಂದು ಮೊಳೆ.

ಡಿ ಹ್ಯಾವಿಲೆಂಡ್‌ಗೆ ಚಪ್ಪಟೆ ಕಮಾನಿನ ಹುಚ್ಚು ಮೊದಲಿನಿಂದಲೂ ಇತ್ತು. ಮದ್ರಾಸಿಗಿಂತ ಮೊದಲು ಅವನು ಇದ್ದದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ. ಕಾವೇರಿಗೆ ಇಟ್ಟಿಗೆಯ ದೊಡ್ಡ ಕಮಾನಿನ ಸೇತುವೆ ಕಟ್ಟುತ್ತೇನೆ ಅಂದನಂತೆ, ಯಾರೂ ನಂಬಲಿಲ್ಲ. ನೋಡಿ ಬೇಕಾದರೆ ಅಂತ ತಾನಿದ್ದ ಜಾಗದಲ್ಲೇ ಒಂದು ಕಮಾನು ಕಟ್ಟಿ ನಿಲ್ಲಿಸಿದ. ಕಾಲಿನಿಂದ ಕಾಲಿಗೆ 110 ಅಡಿಗೂ ಮೇಲೆ, ಬರೀ ಇಟ್ಟಿಗೆ. ಸೇತುವೆ ಆಗಲಿಲ್ಲ. ಆದರೆ ಕಮಾನು ನೂರು ವರ್ಷ ದಾಟಿ ನಿಂತಿತು, ಬಿದ್ದದ್ದು 1930ರ ದಶಕದಲ್ಲಿ. ನನ್ನ ಪ್ಲಾಸ್ಟರ್ ಗುಮ್ಮಟ ನಿಂತದ್ದು ಒಂದು ಊಟದ ಹೊತ್ತು.

ಮೂರನೇ ಗುಮ್ಮಟದ ಉಪಾಯ ಸಿಕ್ಕಿದ್ದು ಪಕ್ಕದ ತೋಟದವರ ಹಾಳೆ ತಟ್ಟೆಯ ಯೂನಿಟ್ಟಿನಲ್ಲಿ. ಅಡಿಕೆ ಹಾಳೆಯ ಬೌಲಿಗೆ ಅವರಲ್ಲಿ ಆರೂವರೆ ಇಂಚಿನ ಅಚ್ಚು ಇದೆ. ಆಳ ಕಡಿಮೆ. ಮಗುಚಿದರೆ ಚಪ್ಪಟೆ ಗುಮ್ಮಟವೇ! ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ತೆಗೆದರೆ ಆಯಿತು. ನಾಲ್ಕು ರೂಪಾಯಿಯಂತೆ ಆರು ಬೌಲು ತಂದೆ. ಅಂಚನ್ನು ಅರ್ಧ ಸೆಂಟಿಮೀಟರಿನಷ್ಟು ಉಜ್ಜಿ 16ಕ್ಕೆ ತಂದೆ. ತೂಕ 20 ಗ್ರಾಮೂ ಇಲ್ಲ. ಒಳಗೆ ಹಾಳೆಯ ನಾರಿನ ಗೆರೆ ಕಾಣುತ್ತದೆ, ಅದಕ್ಕೆ ಪುಟ್ಟಿ ಎರಡು ಕೈ.

ಬಟ್ಟೆಗೆ ಹಾಕುವ ನೀಲಿಯನ್ನು ಸುಣ್ಣಕ್ಕೆ ಸೇರಿಸಿ ಹಚ್ಚಿದೆ. ನಮ್ಮ ಹಳೇ ಮನೆಯ ಚಾವಡಿಯ ಬಣ್ಣ ಬಂತು, ಚರ್ಚಿನದ್ದಲ್ಲ. ಕೊನೆಗೆ ಅಕ್ರಿಲಿಕ್ ಕಡು ನೀಲಿ, ಚಿನ್ನದ ಬಣ್ಣದ ಪೆನ್ನು, ಎರಡೂ ಸೇರಿ 210. ನಕ್ಷತ್ರ ಇಡಲು ಅಂಗಾತ ಮಲಗಿ ಪ್ರಯತ್ನಿಸಿದೆ. ಬೌಲನ್ನು ಮಡಿಲಲ್ಲಿ ಇಟ್ಟುಕೊಂಡರೆ ಸಾಕು ಅಂತ ಹೊಳೆಯಲು ಹತ್ತು ನಿಮಿಷ ಬೇಕಾಯಿತು. ಎಲ್‌ಇಡಿ ಪಟ್ಟಿ, ಅಡಾಪ್ಟರ್ 180.

ಆಗಸ್ಟ್. ಸುಣ್ಣ

ಮದ್ರಾಸಿನ ಹಳೇ ಕಟ್ಟಡಗಳ ಬಿಳಿ ಹೊಳಪಿಗೆ ಕಾರಣ ಚಿಪ್ಪಿನ ಸುಣ್ಣದ ಗಾರೆ. ಅದಕ್ಕೆ ಬೆಲ್ಲದ ನೀರು, ಮೊಸರು, ಮೊಟ್ಟೆಯ ಬಿಳಿ ಸೇರಿಸಿ, ನುಣುಪು ಕಲ್ಲಿನಲ್ಲಿ ಉಜ್ಜುತ್ತಿದ್ದರು. ಪೇಂಟ್ ಹೊಡೆದು ಮುಗಿಸಬಹುದಿತ್ತು. ಚಿಪ್ಪಿನ ಸುಣ್ಣ ನಮ್ಮಲ್ಲೇ ಸಿಗುವಾಗ ಪೇಂಟ್ ಯಾಕೆ ಅಂತ ಒಂದು ಕಿಲೋ ತಂದೆ, 40 ರೂಪಾಯಿ.

ಪಿವಿಸಿ ಮೇಲೆ ಸುಣ್ಣ ನಿಲ್ಲಲಿಲ್ಲ. ಮರುದಿನ ದೋಸೆಯ ಹಾಗೆ ಎದ್ದು ಬಂತು. 60 ನಂಬ್ರ ಸ್ಯಾಂಡ್ ಪೇಪರ್ ಉಜ್ಜಿ, ಫೆವಿಕಾಲ್ ಹಚ್ಚಿ, ಅದರ ಮೇಲೆ ಜರಡಿ ಹಿಡಿದ ಹೊಯಿಗೆ ಉದುರಿಸಿ, ಒಣಗಿದ ಮೇಲೆ ಸುಣ್ಣ ಕೊಟ್ಟೆ. ಹಿಡಿಯಿತು. ಫೆವಿಕಾಲ್ ಅರ್ಧ ಕಿಲೋ, 150.

ಎರಡನೇ ಕೈಗೆ ಬೆಲ್ಲದ ನೀರು ಸೇರಿಸಿದೆ. ಬೆಳಗ್ಗೆ ನೋಡಿದರೆ ಕಿಟಕಿಯಿಂದ ಚರ್ಚಿನ ಬಾಗಿಲ ತನಕ ಇರುವೆಯ ಸಾಲು. ಅದನ್ನು ಕೆರೆದು ತೆಗೆಯಲು ಒಂದು ದಿನ. ಮೂರನೇ ಕೈಗೆ ಬರೀ ಎರಡು ಮೊಟ್ಟೆಯ ಬಿಳಿ, 14 ರೂಪಾಯಿ. ಅರ್ಧ ಒಣಗಿರುವಾಗ ಸ್ಟೀಲ್ ಚಮಚದ ಹಿಂಭಾಗದಿಂದ ಸುಮಾರು ಎರಡು ಗಂಟೆ ಉಜ್ಜಿದೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದು ಕಡೆ ಬೆರಳಗಲ ಜಾಗ ಮೊಟ್ಟೆಯ ಸಿಪ್ಪೆಯ ಹಾಗೆ ಮಿಂಚಲು ಶುರು ಆಗುತ್ತದೆ. ಅಲ್ಲಿಂದ ಕೈ ನಿಲ್ಲುವುದಿಲ್ಲ.

ಸೆಪ್ಟೆಂಬರ್ 7. ಇನ್‌ಸ್ಪೆಕ್ಷನ್

ಒಟ್ಟು ಖರ್ಚು 2,263 ರೂಪಾಯಿ. ಅದರಲ್ಲಿ ಎಂಡಿಎಫ್, ಮುರಿದ ಪ್ಲೈ, ಪ್ಲಾಸ್ಟರ್ ಸೇರಿ 700 ದಂಡ. ಹಲಸು, ಪುಟ್ಟಿ, ಎಂ-ಸೀಲ್ ಶೆಡ್ಡಿನಲ್ಲೇ ಇತ್ತು. ನನ್ನ ಕೂಲಿ ಲೆಕ್ಕ ಹಾಕಿಲ್ಲ, ಹಾಕಿದರೆ ಹೆಂಡತಿ ಓದುತ್ತಾಳೆ.

ಅಮ್ಮನ ಒಂದು ಕಣ್ಣಿನ ಆಪರೇಷನ್ ಆಗಿದೆ, ಈಗ ಚೆನ್ನಾಗಿ ಕಾಣುತ್ತದೆ. ಮೇಜಿನ ಮೇಲೆ ಮಾಡೆಲ್ ಇಟ್ಟು ಲೈಟ್ ಹಾಕಿ ಕರೆದೆ. ಸ್ಟೂಲಿನಲ್ಲಿ ಕೂತು, ತಲೆ ಓರೆ ಮಾಡಿ, ತೆರೆದ ಗೋಡೆಯಿಂದ ಒಳಗೆ ಮೇಲಕ್ಕೆ ನೋಡಿದರು. ತುಂಬ ಹೊತ್ತು ನೋಡಿದರು.

"ನಕ್ಷತ್ರ ಸ್ವಲ್ಪ ಜಾಸ್ತಿ ಆಯಿತೋ ಏನೋ" ಅಂದರು. ಆಮೇಲೆ ಒಂದು ಬೆರಳು ಒಳಗೆ ಹಾಕಿ ಕಂಬಗಳನ್ನು ಮುಟ್ಟುತ್ತಾ ಹೋದರು. "ಹದಿನೈದೇ ಉಂಟಲ್ಲ?"

ನಿಜ. ನೋಡಲು ಅಡ್ಡ ಬರುತ್ತದೆ ಅಂತ ಮುಂದಿನ ಒಂದು ಕಂಬವನ್ನು ನಾನೇ ಕೂರಿಸಿರಲಿಲ್ಲ. ಯಾರು ಎಣಿಸುತ್ತಾರೆ ಅಂತ.

ಈಗ ಬಾಕಿ ಇರುವುದು: ಹದಿನಾರನೇ ಕಂಬ, ಅದಕ್ಕೆ ಬಳೆಯನ್ನು ಮತ್ತೆ ಬಿಚ್ಚಬೇಕು. ಗೋಪುರಕ್ಕೆ ಬೇರೆ ಪೆಟ್ಟಿಗೆ. ದಸರಾ ಕಳೆದು ಎಗ್ಮೋರಿಗೆ ಟಿಕೆಟ್ ಹಾಕಿದ್ದೇನೆ, ವೈಟಿಂಗ್ ಲಿಸ್ಟ್ 14.